ಬಂಗಾರದ ಮನುಷ್ಯನ ಹೊಲದಾಗ ನಮ್ಮವರೆಲ್ಲಿ?



‘ಬಂಗಾರದ ಮನುಷ್ಯ’ ನೋಡಿ ಅತ್ತವರು ನಮ್ಮ ಹಾವೇರಿ ಸೀಮೆಯಲ್ಲೂ ಕಡಿಮೆ ಇಲ್ಲ. ಟಿ.ಕೆ. ರಾಮರಾಯರ ಕಾದಂಬರಿಯಿಂದ ನಿರ್ದೇಶಕ ಎಸ್. ಸಿದ್ಧಲಿಂಗಯ್ಯ 1972ರಲ್ಲಿ ಮಾಡಿದ ಚಿತ್ರ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ಹುಡುಗರು ಪೇಟೆ ಬಿಟ್ಟು ಒಕ್ಕಲುತನ ಹಿಡಿದರು ಅಂತ ಮಂದಿ ಇವತ್ತಿಗೂ ಹೇಳುತ್ತಾರೆ.

ಹೇಳಲಿ. ಆದರೆ ಹಾಸ್ಟೆಲ್ಲಿನ ನಮ್ಮ ಹುಡುಗರಿಗೆ ‘ಹಳ್ಳಿಗೆ ಹೋಗು, ಉಳು’ ಅಂದರೆ ಯಾವ ಹೊಲಕ್ಕೆ ಹೋಗಬೇಕು? ಯಾರ ಹೊಲಕ್ಕೆ?

ರಾಜೀವ ಕಲ್ಲುನೆಲವನ್ನು ಹಸಿರು ಮಾಡುತ್ತಾನೆ. ಜೊತೆಗೆ ಕಲ್ಲು ಒಡೆದ ಕೈಗಳು ಹಾಡು ಮುಗಿದ ಕೂಡಲೇ ಮರೆಯಾಗುತ್ತವೆ. ಆ ಊರಿಗೊಂದು ಕೇರಿ ಇತ್ತೇ? ಕೂಲಿ ಎಷ್ಟಿತ್ತು? ಕಥೆಗೆ ಅದು ಬೇಕಿಲ್ಲ. ಕೊನೆಗೆ ಅಕ್ಕನ ಮಗನ ಮಾತಿಗೆ ನೊಂದು ರಾಜೀವ ಎಲ್ಲ ಬಿಟ್ಟು ನಡೆಯುತ್ತಾನೆ. ಕರುಳು ಚುರ್ ಅನ್ನುತ್ತದೆ, ಖರೆ. ಆದರೆ ಬಿಟ್ಟು ಹೋಗೋಕೂ ಮೊದಲು ಕೈಯಾಗ ಏನಾದರೂ ಇರಬೇಕಲ್ಲ!

ಮೂರು ವರ್ಷದ ಮೇಲೆ, 1975ರಲ್ಲಿ, ಬಿ.ವಿ. ಕಾರಂತರ ‘ಚೋಮನ ದುಡಿ’ ಬಂತು. ಚೋಮನಿಗೆ ಎತ್ತಿತ್ತು, ಹೊಲವಿರಲಿಲ್ಲ. ಹೊಲೆಯನಿಗೆ ಬೇಸಾಯ ಯಾಕೆ ಅಂತ ಊರು ಕೇಳಿತು. ಸ್ವರ್ಣ ಕಮಲ ಪಡೆದ ಈ ಚಿತ್ರಕ್ಕೆ ಎರಡು ವರ್ಷ ಕ್ಯೂ ನಿಂತವರು ಯಾರೂ ಇಲ್ಲ. ನಡುವೆ 1974ರಲ್ಲಿ ಭೂಸುಧಾರಣೆ ಬಂತು. ಗೇಣಿದಾರ ಒಡೆಯನಾದ. ಗೇಣಿಯೂ ಇಲ್ಲದ ಕೂಲಿಯವನು ಬಹುಮಟ್ಟಿಗೆ ಇದ್ದಲ್ಲೇ ಉಳಿದ.

ರಾಜಕುಮಾರ್ ಮೇಲೆ ಬೇಸರ ಹುಟ್ಟೋದು ಅವರು ನಮ್ಮವರು ಅನ್ನಿಸೋದರಿಂದಲೇ. ಗಾಜನೂರಿನ ಬಡತನ, ಅರ್ಧಕ್ಕೆ ನಿಂತ ಶಾಲೆ, ನಾಟಕ ಕಂಪನಿಯ ಅನ್ನ ಕಂಡವರು. 1954ರಲ್ಲಿ ನಾಯಕನಾಗಿ ತೆರೆಗೆ ಬಂದದ್ದೇ ಬೇಡರ ಕಣ್ಣಪ್ಪನಾಗಿ. ಆಮೇಲೆ ರಾಜ, ದೇವರು, ದಾಸರು, ಸಿಐಡಿ ಎಲ್ಲ ಆದರು. ಚೋಮ ಮಾತ್ರ ಆಗಲಿಲ್ಲ. ಅಷ್ಟು ದೊಡ್ಡ ನಟ ಒಮ್ಮೆ ಆ ದುಡಿ ಹಿಡಿದಿದ್ದರೆ, ಕನ್ನಡದ ಮಂದಿ ಅವರಿಗಾಗಿಯಾದರೂ ಕೇರಿಯತ್ತ ತಿರುಗಿ ನೋಡುತ್ತಿದ್ದರು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಅವ್ವಂದಿರ ಬೆರಳಿನ ಉರಿ, ರಾಣೆಬೆನ್ನೂರು ಸೀಮೆಯ ಬೀಜದ ಹೊಲದಾಗ ಹೂವಿಗೆ ಹೂವು ಮುಟ್ಟಿಸುವವರ ನಡುನೋವು, ಇವಕ್ಕೆ ಇನ್ನೂ ಬಂಗಾರದ ತೆರೆ ಸಿಕ್ಕಿಲ್ಲ.

ಹಾಸ್ಟೆಲ್ ಟಿವಿಯಲ್ಲಿ ಆ ಚಿತ್ರ ಬಂದರೆ ನೋಡಿ. ಅಳು ಬಂದರೆ ಅಳಿ. ಮುಗಿದ ಮೇಲೆ ಎದ್ದು ಹೋಗದೆ, ಕೂತು ಒಬ್ಬರನ್ನೊಬ್ಬರು ಕೇಳಿ: ಆ ಹೊಲದಾಗ ಕಳೆ ತೆಗೆದೋರು ಯಾರು? ಸಂಜೆಗೆ ಅವರು ಯಾವ ದಿಕ್ಕಿಗೆ ನಡೆದರು?