ರೈಲು ಬಿಟ್ಟುಹೋದ ಹಾದಿ

ಮಕ್ಕಳು ಸೈಕಲ್ ಬೇಕೆಂದಾಗ ಹೆತ್ತವರಿಗೆ ಮೊದಲು ನೆನಪಾಗುವುದು ರಸ್ತೆಯಲ್ಲಿ ಧಾವಿಸುವ ಲಾರಿ, ಬಸ್ಸುಗಳು. ಆ ಭಯವಿಲ್ಲದೆ ಇಡೀ ಕುಟುಂಬವೇ ಪರ್ವತಗಳ ನಡುವೆ ಸೈಕಲ್ಲಿನಲ್ಲಿ ಸಂಚರಿಸಬಹುದಾದ ಹಾದಿಯೊಂದು ಉತ್ತರ ಇಟಲಿಯಲ್ಲಿದೆ. ಅದರ ಕಥೆಯನ್ನು ಓದುಗರ ಮುಂದಿಡಬಯಸುತ್ತೇವೆ.

ಡಾಲಮೈಟ್ ಪರ್ವತಗಳ ಕಣಿವೆಗಳಲ್ಲಿ ಕಲಾಲ್ಟ್ಸೊ, ಕೊರ್ಟೀನಾ, ದೊಬ್ಬಿಯಾಕೊ ಎಂಬ ಊರುಗಳನ್ನು ಜೋಡಿಸುವ ನ್ಯಾರೋಗೇಜ್ ರೈಲುಮಾರ್ಗವಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ಸಾಗಣೆಗಾಗಿ ಅದರ ಭಾಗಗಳು ನಿರ್ಮಾಣಗೊಂಡವು. 1921ರಲ್ಲಿ ಪೂರ್ಣಮಾರ್ಗ ಜನಸಂಚಾರಕ್ಕೆ ತೆರೆಯಿತು. ಕೊರ್ಟೀನಾದಲ್ಲಿ 1956ರ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಈ ರೈಲೇ ಪ್ರೇಕ್ಷಕರನ್ನು ಹೊತ್ತೊಯ್ದಿತು. ಮೋಟಾರು ವಾಹನಗಳು ಹೆಚ್ಚಿದಂತೆ ಪ್ರಯಾಣಿಕರು ಕಡಮೆಯಾಗಿ, 1964ರಲ್ಲಿ ಅದರ ಓಡಾಟ ನಿಂತಿತು.

ಹಳಿಗಳು ಹೋದರೂ ಹಾದಿ ಉಳಿಯಿತು. 60 ಕಿ.ಮೀ.ಗೂ ಮಿಕ್ಕ ಆ ಹಾದಿ ಇಂದು ಬಹುಮಟ್ಟಿಗೆ ವಾಹನಗಳ ಕಾಟವಿಲ್ಲದ ಸೈಕಲ್ ಪಥ. ಹಿಮ ಬಿದ್ದಾಗ ಅದರ ಉತ್ತರಭಾಗದಲ್ಲಿ ಸ್ಕೀಯಿಂಗ್ ನಡೆಯುತ್ತದೆ. ರೈಲು ಕಡಿದಾದ ಏರನ್ನು ಹತ್ತಲಾರದು. ಆದುದರಿಂದ ಕಟ್ಟಿದವರು ಸೇತುವೆ, ಸುರಂಗಗಳನ್ನು ಮಾಡಿ ಹಾದಿಯನ್ನು ಮೆಲ್ಲಮೆಲ್ಲನೆ ಏರಿಸಿದ್ದರು. 1,500 ಮೀಟರಿಗೂ ಎತ್ತರದ ಚಿಮಬಾಂಕೆ ಘಟ್ಟದ ನೆತ್ತಿಯನ್ನು ಸಾಧಾರಣ ಶಕ್ತಿಯುಳ್ಳವರೂ ಮುಟ್ಟುವುದು ಆ ಸೌಮ್ಯವಾದ ಏರಿನಿಂದಲೇ.

ಸೈನಿಕರಿಗಾಗಿ ಅಗೆದ ನೆಲ ಇಂದು ಮಕ್ಕಳ ಆನಂದಕ್ಕೆ ಒದಗಿದೆ. ರೈಲು ನಿಂತಾಗಲೇ ಅದನ್ನು ತುಂಡುಮಾಡಿ ಹಂಚಿಬಿಟ್ಟಿದ್ದರೆ ಮತ್ತೆ ಕೂಡಿಸುವುದು ದುಸ್ಸಾಧ್ಯವಾಗುತ್ತಿತ್ತು. ಬಳಕೆ ತಪ್ಪಿದ ಹಾದಿಯೊಂದನ್ನು ಕಂಡಾಗ, ಅದು ಮುಂದೆ ಯಾರಿಗೆ ಒದಗೀತೆಂದು ನಾವೂ ಒಮ್ಮೆ ಯೋಚಿಸುವುದು ಒಳಿತು.