ಅದು ಕಾರ್ಟೂನಲ್ಲ, ಅವಳು ಎಐ ಅಲ್ಲ

2025ರ ಮಾರ್ಚ್ ಕೊನೆಯ ಪೆರ್ನಾಲ್ ನೆನಪಿದೆಯಾ? ಆ ವಾರ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಏನೇನು ಬಂದಿತ್ತು, ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ನಮ್ಮ ಗ್ರೂಪಿನಲ್ಲಿ ಈದ್ ಮುಬಾರಕ್‌ಗಳಿಗಿಂತ ಹೆಚ್ಚು ಬಂದದ್ದು ಘಿಬ್ಲಿ ಫೋಟೋಗಳು. ಹೊಸ ಬಟ್ಟೆ ಹಾಕಿದ ಮಕ್ಕಳು, ಬಿರಿಯಾನಿ ಪಾತ್ರೆಯ ಮುಂದೆ ಸೌಟು ಹಿಡಿದ ಮಾಮ, ದುಬೈಯ ಫ್ಲ್ಯಾಟಿನಲ್ಲಿರುವ ಕಾಕ. ಎಲ್ಲರಿಗೂ ದೊಡ್ಡ ಕಣ್ಣು, ಕೆಂಪು ಕೆನ್ನೆ, ಹಿಂದೆ ಹತ್ತಿಯಂಥ ಮೋಡ. ಹಂಚಿದವರಲ್ಲಿ ಹೆಚ್ಚಿನವರು ನಾನು ಕಾಲೇಜಿನಲ್ಲಿದ್ದಾಗ "ಇಷ್ಟು ದೊಡ್ಡವನಾಗಿ ಇನ್ನೂ ಕಾರ್ಟೂನ್ ನೋಡ್ತೀಯಾ, ನಾಚಿಕೆ ಆಗುವುದಿಲ್ಲವಾ" ಎಂದು ಕೇಳಿದವರೇ.

ಅದು ಬಿಡಿ. ಹಳೆಯ ಲೆಕ್ಕ ತೀರಿಸಲು ನಾನು ಬರೆಯುತ್ತಿಲ್ಲ. ಬರೆಯುತ್ತಿರುವುದು ಅಕ್ಕನ ಮಗಳ ಬಗ್ಗೆ. ಆಗ ಅವಳಿಗೆ ಎಂಟನೇ ಕ್ಲಾಸು. ಮೂರು ವರ್ಷದಿಂದ ರಫ್ ಪುಸ್ತಕದ ಹಿಂದಿನ ಪುಟಗಳಲ್ಲಿ ಮಾಂಗಾ ಶೈಲಿಯಲ್ಲಿ ಚಿತ್ರ ಬಿಡಿಸುತ್ತಿದ್ದಳು. "ಮುಖ ಬರ್ತದೆ ಮಾಮ, ಕೈ ಬರುವುದಿಲ್ಲ, ಬೆರಳೆಲ್ಲ ಬಾಳೆಹಣ್ಣಿನ ಹಾಗೆ ಆಗ್ತದೆ" ಎಂದು ನನ್ನ ಹತ್ತಿರ ದೂರುತ್ತಿದ್ದಳು. ಆ ಪೆರ್ನಾಲಿಗೆ ತನ್ನ ಅಜ್ಜಿ, ಅಂದರೆ ನನ್ನ ಉಮ್ಮ, ಪತ್ತಿರ್ ತಟ್ಟುತ್ತಿರುವ ಚಿತ್ರ ಬಿಡಿಸಿದ್ದಳು. ಹತ್ತು ದಿನದ ಕೆಲಸ. ಊಟ ಆದ ಮೇಲೆ ಎಲ್ಲರಿಗೂ ತೋರಿಸಿದಳು. ಆಗ ನಮ್ಮವರಲ್ಲೇ ಒಬ್ಬರು ಅಡುಗೆಮನೆಗೆ ಹೋಗಿ ಉಮ್ಮನ ಫೋಟೋ ತೆಗೆದು, ಒಂದು ಆ್ಯಪಿಗೆ ಹಾಕಿ, ಬಂದ ಚಿತ್ರವನ್ನು ಅವಳ ಪುಸ್ತಕದ ಪಕ್ಕದಲ್ಲಿ ಹಿಡಿದರು. "ನೋಡು, ನಿನ್ನ ಹತ್ತು ದಿನ, ಇದರ ಅರ್ಧ ನಿಮಿಷ" ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳೂ ನಕ್ಕು ಪುಸ್ತಕ ಮಡಚಿದಳು.

ರಾತ್ರಿ ನನ್ನ ಹತ್ತಿರ ಬಂದು ಕೇಳಿದಳು: "ಮಾಮ, ನೀನು ಯಾವಾಗಲೂ ಕೇಳುವ ಆ ಹಸಿರು ಜಡೆಯ ಮಿಕು, ಅವಳೂ ಎಐ ಅಲ್ವಾ? ಹಾಡುವುದೂ ಕಂಪ್ಯೂಟರ್, ಬಿಡಿಸುವುದೂ ಕಂಪ್ಯೂಟರ್. ಮತ್ತೆ ನನಗೆ ಯಾಕೆ ಕಲಿ ಕಲಿ ಅನ್ನೋದು?"

ಹದಿನೈದು ವರ್ಷದಿಂದ ಈ ಹಾಡುಗಳನ್ನು ಕೇಳುತ್ತಿರುವ ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಅವಳಿಗೆ ಮಾತ್ರವಲ್ಲ, ನಕ್ಕ ಎಲ್ಲರಿಗೂ.

ಹಾತ್ಸುನೆ ಮಿಕು ಎಐ ಅಲ್ಲ. ಅವಳು ಒಂದು ವಾದ್ಯ. 2007ರ ಆಗಸ್ಟ್ 31ರಂದು ಜಪಾನಿನ ಸಪ್ಪೊರೊ ನಗರದ ಕ್ರಿಪ್ಟಾನ್ ಫ್ಯೂಚರ್ ಮೀಡಿಯಾ ಎಂಬ ಕಂಪನಿ ಬಿಡುಗಡೆ ಮಾಡಿದ ಸಾಫ್ಟ್‌ವೇರ್ ಅದು. ಒಳಗಿನ ಯಂತ್ರ ಯಮಾಹಾ ಕಂಪನಿಯ ವೊಕಲಾಯ್ಡ್. ಹೌದು, ಬೈಕ್ ಯಮಾಹಾದ ಲಾಂಛನದಲ್ಲಿರುವುದೂ ಮೂರು ಶ್ರುತಿಕವೆಗಳೇ. ಸಾಕಿ ಫುಜಿತಾ ಎಂಬ ಕಂಠದಾನ ಕಲಾವಿದೆ ಸ್ಟುಡಿಯೋದಲ್ಲಿ ಕೂತು ಜಪಾನಿ ಭಾಷೆಯ ಉಚ್ಚಾರಗಳನ್ನು ಬೇರೆ ಬೇರೆ ಸ್ಥಾಯಿಯಲ್ಲಿ ಹೇಳಿ ಕೊಟ್ಟರು. ನಾವು ಒಂದನೇ ಕ್ಲಾಸಿನಲ್ಲಿ ಕ, ಕಾ, ಕಿ, ಕೀ ಎಂದು ಕಾಗುಣಿತ ಓದಿದೆವಲ್ಲ, ಹೆಚ್ಚು ಕಡಿಮೆ ಹಾಗೆ. ಜಪಾನಿಯಲ್ಲೂ ವ್ಯಂಜನಕ್ಕೆ ಸ್ವರ ಸೇರಿಯೇ ಒಂದು ಅಕ್ಷರ. ಆ ಧ್ವನಿಯ ತುಂಡುಗಳು ಪೆಟ್ಟಿಗೆಯಲ್ಲಿವೆ. ಅಷ್ಟೇ. ಪೆಟ್ಟಿಗೆ ತಾನಾಗಿ ಏನನ್ನೂ ಹಾಡುವುದಿಲ್ಲ.

ಹಾಡಬೇಕಾದರೆ ಯಾರಾದರೂ ಕೂರಬೇಕು. ಸಾಹಿತ್ಯ ಬರೆಯಬೇಕು, ರಾಗ ಕಟ್ಟಬೇಕು. ಪರದೆಯ ಮೇಲೆ ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ ಕೂರಿಸಬೇಕು. ಅಷ್ಟು ಮಾಡಿದರೂ ಕೇಳಲು ತಗಡು ಬಡಿದ ಹಾಗೆ ಇರುತ್ತದೆ. ಎಲ್ಲಿ ಸ್ವರ ಜಾರಬೇಕು, ಎಲ್ಲಿ ನಡುಗಬೇಕು, ಯಾವ ಅಕ್ಷರ ಎಷ್ಟು ಹೊತ್ತು ನಿಲ್ಲಬೇಕು, ಉಸಿರು ಎಲ್ಲಿ ಕೇಳಬೇಕು ಎಂದು ಗೆರೆ ಎಳೆದೆಳೆದು ತಿದ್ದಬೇಕು. ಅದಕ್ಕೇ ಒಂದೇ ಮಿಕು ಒಬ್ಬರ ಕೈಯಲ್ಲಿ ಅಳುತ್ತಾಳೆ, ಇನ್ನೊಬ್ಬರ ಕೈಯಲ್ಲಿ ಬೈಯುತ್ತಾಳೆ. ಹಾಡು ಕಟ್ಟಿದವರನ್ನು ಅಭಿಮಾನಿಗಳು 'ಪಿ' ಎಂದು ಕರೆಯುತ್ತಾರೆ, ಪ್ರೊಡ್ಯೂಸರ್ ಎಂಬುದರ ಮೊದಲ ಅಕ್ಷರ. ಇದು ಯಾರ ಹಾಡು ಎಂದು ಕೇಳಿದರೆ ಯಾವ ಅಭಿಮಾನಿಯೂ 'ಮಿಕುದು' ಎಂದು ಹೇಳಿ ನಿಲ್ಲಿಸುವುದಿಲ್ಲ. ಡೆಕೊ 27ರದ್ದು, ವೊವಾಕನದ್ದು, ಕುರೊಉಸಾ ಪಿಯದ್ದು ಎನ್ನುತ್ತಾನೆ. ವೊವಾಕ 2019ರಲ್ಲಿ 31ನೇ ವಯಸ್ಸಿಗೆ ತೀರಿಕೊಂಡಾಗ ಲೋಕದ ಮೂಲೆಮೂಲೆಯಲ್ಲಿ ಅವನ ಮುಖ ನೋಡದವರು ಅತ್ತರು. ಕಂಪ್ಯೂಟರ್ ಹಾಡಿದ್ದಾದರೆ ಅವರೆಲ್ಲ ಅತ್ತದ್ದು ಯಾರಿಗೆ?

ಇನ್ನೊಂದು ಉದಾಹರಣೆ ಕೇಳಿ, ನಮ್ಮ ಮಗುವಿನ ಪ್ರಶ್ನೆಗೆ ಇದೇ ನೇರ ಉತ್ತರ. ತೊಕುಶಿಮಾ ಎಂಬಲ್ಲಿ ಬೆಳೆದ ಒಬ್ಬ ಹುಡುಗ. 2009ರ ಹೊತ್ತಿಗೆ, ಇನ್ನೂ ಇಪ್ಪತ್ತು ತುಂಬುವ ಮೊದಲೇ, 'ಹಾಚಿ' ಎಂಬ ಹೆಸರಿನಲ್ಲಿ ಮಿಕುವಿನ ಧ್ವನಿಯಲ್ಲಿ ಹಾಡುಗಳನ್ನು ಹಾಕುತ್ತಿದ್ದ. ಹಾಡಿಗೆ ಬೇಕಾದ ಚಿತ್ರವನ್ನೂ ತಾನೇ ಬಿಡಿಸುತ್ತಿದ್ದ. ಸ್ವಲ್ಪ ಸೊಟ್ಟ, ಸ್ವಲ್ಪ ವಿಚಿತ್ರ ಚಿತ್ರಗಳು. ಆಮೇಲೆ ಸ್ವಂತ ಹೆಸರಿನಲ್ಲಿ, ಸ್ವಂತ ಗಂಟಲಿನಲ್ಲಿ ಹಾಡತೊಡಗಿದ. ಅವನೇ ಕೆನ್ಶಿ ಯೊನೆಜು. 2023ರಲ್ಲಿ ಹಯಾವೊ ಮಿಯಾಜಾಕಿಯವರ 'ದಿ ಬಾಯ್ ಆ್ಯಂಡ್ ದಿ ಹೆರನ್' ಬಂತಲ್ಲ, ಮರುವರ್ಷ ಆಸ್ಕರ್ ಪಡೆದ ಆ ಘಿಬ್ಲಿ ಚಿತ್ರದ ಹಾಡು ಬರೆದು ಹಾಡಿದವನು ಅವನು. ಅಂದರೆ ಮಿಕು ಅವನ ಬಾಯಿ ಮುಚ್ಚಿಸಲಿಲ್ಲ. ಹಾಡಲು ಧೈರ್ಯ ಬರುವವರೆಗೆ ತನ್ನ ಬಾಯಿಯನ್ನು ಸಾಲ ಕೊಟ್ಟಳು. ನಾಲ್ಕು ಜನರ ಮುಂದೆ ಹಾಡಲಾಗದವರು, ಧ್ವನಿ ಚೆನ್ನಾಗಿಲ್ಲ ಎಂದು ಬೈಸಿಕೊಂಡವರು, ಮನೆಯಲ್ಲಿ ಯಾರಿಗೂ ಹೇಳದೆ ಕೋಣೆಯಲ್ಲಿ ಹಾಡು ಕಟ್ಟುವವರು ನಮ್ಮಲ್ಲಿ ಇಲ್ಲವಾ?

ಇನ್ನು ಘಿಬ್ಲಿಗೆ ಬನ್ನಿ. ಮಿಯಾಜಾಕಿಯವರ 'ದಿ ವಿಂಡ್ ರೈಸಸ್' 2013ರ ಚಿತ್ರ. ಅದರಲ್ಲಿ 1923ರ ಕಾಂಟೊ ಭೂಕಂಪ ಬರುತ್ತದೆ. ಅಲ್ಲಿ ಜನಜಂಗುಳಿಯ ಒಂದು ದೃಶ್ಯವಿದೆ, ಬರೀ ನಾಲ್ಕು ಸೆಕೆಂಡು. ಯಾಮಾಮೊರಿ ಎಂಬ ಕಲಾವಿದ ಅದನ್ನು ಬಿಡಿಸಲು ತೆಗೆದುಕೊಂಡದ್ದು ಒಂದು ವರ್ಷ ಮೂರು ತಿಂಗಳು. ಆ ಗುಂಪಿನಲ್ಲಿ ಒಬ್ಬೊಬ್ಬನೂ ಬೇರೆ ಬೇರೆ ರೀತಿ ನಡೆಯುತ್ತಾನೆ, ಬೇರೆ ಬೇರೆ ಸಾಮಾನು ಹೊತ್ತಿದ್ದಾನೆ. ನೀವು ಕಣ್ಣು ಮಿಟುಕಿಸಿದರೆ ಮುಗಿದು ಹೋಗುತ್ತದೆ. ನಮ್ಮ ಗ್ರೂಪಿನಲ್ಲಿ ಅರ್ಧ ನಿಮಿಷಕ್ಕೊಂದರಂತೆ ಸುರಿದ ಮೋಡಗಳು, ಕೆನ್ನೆಗಳು ಎಲ್ಲಿಂದ ಬಂದವು ಅಂದುಕೊಂಡಿರಿ? ಇಂಥ ಕೈಗಳಿಂದ. ಕೇಳದೆ, ಹೆಸರು ಹೇಳದೆ, ಹತ್ತು ಪೈಸೆ ಕೊಡದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಘಿಬ್ಲಿ ಕೂಡ ಸದಸ್ಯನಾಗಿರುವ ಜಪಾನಿನ ಸಂಘಟನೆಯೊಂದು, ಅನುಮತಿಯಿಲ್ಲದೆ ತಮ್ಮ ಕೃತಿಗಳನ್ನು ಯಂತ್ರಕ್ಕೆ ಉಣಿಸಬೇಡಿ ಎಂದು ಚಾಟ್‌ಜಿಪಿಟಿಯ ಕಂಪನಿಗೆ ಬರೆಯಬೇಕಾಯಿತು.

ಮಿಯಾಜಾಕಿ ಎಐಯನ್ನು ಉಗಿಯುವ ಒಂದು ವಿಡಿಯೋ ತುಣುಕನ್ನೂ ಆಗ ನಮ್ಮ ಅಭಿಮಾನಿಗಳು ಎಲ್ಲೆಡೆ ಹಂಚಿದರು. ನ್ಯಾಯವಾಗಿ ಹೇಳಬೇಕಾದರೆ ಅದು 2016ರದ್ದು. ಯಂತ್ರಕ್ಕೆ ಕಲಿಸಿ ಮಾಡಿದ, ತೆವಳುತ್ತಾ ಚಲಿಸುವ ಒಂದು ವಿಕಾರ ಆಕೃತಿಯನ್ನು ನೋಡಿ, ಅಂಗವೈಕಲ್ಯವಿರುವ ತನ್ನ ಗೆಳೆಯನನ್ನು ನೆನೆದು ಅವರು ಆಡಿದ ಮಾತು. ಈ ಫೋಟೋಗಳ ಬಗ್ಗೆ ಹೇಳಿದ್ದಲ್ಲ. ನಮ್ಮ ವಾದ ಗಟ್ಟಿಯಾಗಲು ಅವರ ಬಾಯಿಗೆ ಇಲ್ಲದ ಮಾತು ಹಾಕಬೇಕಾಗಿಲ್ಲ. ಆ ನಾಲ್ಕು ಸೆಕೆಂಡೇ ಸಾಕು.

ಈಗ ನೀವು ಹೇಳುವ ಮಾತು ನನಗೆ ಗೊತ್ತಿದೆ. ಒಂದು: "ಹಾಡಲು ಬಾರದವನಿಗೆ ಮಿಕು ಧ್ವನಿ ಕೊಟ್ಟರೆ ಒಳ್ಳೆಯದು, ಬಿಡಿಸಲು ಬಾರದವನಿಗೆ ಆ್ಯಪ್ ಚಿತ್ರ ಕೊಟ್ಟರೆ ಕೆಟ್ಟದ್ದಾ?" ವ್ಯತ್ಯಾಸ ದೊಡ್ಡದಿದೆ. ಸಾಕಿ ಫುಜಿತಾ ಒಪ್ಪಿ ಧ್ವನಿ ಕೊಟ್ಟರು, ಅವರ ಹೆಸರು ಎಲ್ಲರಿಗೂ ಗೊತ್ತು. ಮಿಕುವಿನ ರೂಪ ಬಿಡಿಸಿದ ಕೇಯ್ ಎಂಬ ಕಲಾವಿದರ ಹೆಸರೂ ಗೊತ್ತು. ಲಾಭಕ್ಕಲ್ಲದಿದ್ದರೆ ಅವಳ ಚಿತ್ರ ಯಾರು ಬೇಕಾದರೂ ಬಿಡಿಸಬಹುದು ಎಂದು ಕಂಪನಿಯೇ ಬರೆದು ಕೊಟ್ಟಿದೆ. ಮುಖ್ಯವಾಗಿ, ಮಿಕು ಧ್ವನಿ ಕೊಡುತ್ತಾಳೆ, ಹಾಡು ಕೊಡುವುದಿಲ್ಲ. ಹಾಡು ನೀವು ತರಬೇಕು.

ಎರಡು: "ಈಗಿನ ವೊಕಲಾಯ್ಡ್‌ನಲ್ಲೂ ಎಐ ಇದೆಯಂತಲ್ಲ?" ಇದೆ. 2022ರಲ್ಲಿ ಬಂದ ಆರನೇ ಆವೃತ್ತಿಯಿಂದ ಧ್ವನಿ ಸಹಜವಾಗಿ ಕೇಳಲು ಎಐ ಬಳಸುತ್ತಾರೆ. ಅಲ್ಲಿಯೂ ಸಾಲು ಬರೆಯುವವನು, ಸ್ವರ ಕೂರಿಸುವವನು ಮನುಷ್ಯನೇ. ಎಐ ಎಂಬ ಎರಡಕ್ಷರ ಕೇಳಿದ ಕೂಡಲೇ ಹಾರ್ಮೋನಿಯಂ ಮತ್ತು ಹಾಡು ಕದಿಯುವವನು ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಮೂರು: "ನಮ್ಮ ಮೋಯಿಲಾಂಜಿ ಪಾಟ್ ಯಾರು ಕಟ್ಟಿದ್ದು? ಅದಕ್ಕೆಲ್ಲಿ ಹೆಸರಿದೆ?" ಇದು ಒಳ್ಳೆಯ ಪ್ರಶ್ನೆ. ಕಟ್ಟಿದವರ ಹೆಸರು ಉಮ್ಮನಿಗೂ ಗೊತ್ತಿಲ್ಲ. ಆದರೆ ಯಾರಿಂದ ಕಲಿತದ್ದು ಎಂದು ಕೇಳಿ ನೋಡಿ. ಯಾವ ಮನೆಯ ಮದುವೆಯಲ್ಲಿ, ಯಾರ ಪಕ್ಕ ಕೂತು, ಯಾವ ಸಾಲು ತಪ್ಪಿದಾಗ ಯಾರು ತೊಡೆಗೆ ಚಿವುಟಿದರು ಎಂಬುದನ್ನೆಲ್ಲ ಹೇಳುತ್ತಾರೆ. ಆ ಹಾಡಿಗೆ ಹೆಸರಿಲ್ಲದಿದ್ದರೂ ಬಂದ ದಾರಿ ಇದೆ. ಆ್ಯಪಿನ ಚಿತ್ರಕ್ಕೆ ದಾರಿಯೇ ಇಲ್ಲ, ಅಳಿಸಿ ಹಾಕಿದ್ದಾರೆ.

ಬೈಗುಳ ಹಿರಿಯರಿಗೆ ಮಾತ್ರ ಅಂದುಕೊಳ್ಳಬೇಡಿ. ಅಭಿಮಾನಿಗಳೆಂದು ಎದೆ ತಟ್ಟುವ ನಾವೂ ಕಮ್ಮಿಯಿಲ್ಲ. ವರ್ಷಗಟ್ಟಲೆ ನಾನು ನೋಡಿದ ಅನಿಮೆ, ಓದಿದ ಮಾಂಗಾ ಬಹುಪಾಲು ಕದ್ದ ತಾಣಗಳದ್ದು. ಆಗ ಬೇರೆ ದಾರಿ ಇರಲಿಲ್ಲ ಎಂಬುದು ಅರ್ಧ ಸತ್ಯ. ದಾರಿ ಬಂದ ಮೇಲೂ ಹಳೆಯ ಚಟ ಬಿಡಲಿಲ್ಲ ಎಂಬುದು ಇನ್ನರ್ಧ. ಜಪಾನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಅನಿಮೆ ಕಲಾವಿದರು ಒಂದು ಚಿತ್ರಕ್ಕೆ ಕೆಲವೇ ನೂರು ಯೆನ್‌ಗೆ ದುಡಿಯುತ್ತಾರೆ. ಅವರು ಬಿಡಿಸಿದ್ದನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ, ಕೊನೆಯಲ್ಲಿ ಹೆಸರುಗಳು ಬರುವ ಹೊತ್ತಿಗೆ ಮುಂದಿನ ಕಂತಿಗೆ ಹಾರುವವರು ನಾವು. ಆ ದಿನ ನಾನು ನಕ್ಕದ್ದು ಸುಮ್ಮನೆ ಅಲ್ಲ. ಕೈ ಕಾಣದ ಹಾಗೆ ನೋಡುವುದು ನನಗೂ ಅಭ್ಯಾಸವಾಗಿತ್ತು.

'ಕಾರ್ಟೂನ್' ಎಂಬ ಮಾತಿನ ತೊಂದರೆ ಇದೇ. ಕಾರ್ಟೂನ್ ಅಂದರೆ ಮಕ್ಕಳದ್ದು, ಮಕ್ಕಳದ್ದು ಅಂದರೆ ಲೆಕ್ಕಕ್ಕಿಲ್ಲದ್ದು. ಹಾಗಾಗಿಯೇ ಏನಿದೆ ಎಂದು ನೋಡದೆ ನಾಲ್ಕು ವರ್ಷದ ಮಗುವಿನ ಕೈಗೆ ಫೋನ್ ಕೊಡುತ್ತೇವೆ. 1988ರಲ್ಲಿ ಘಿಬ್ಲಿಯ ಎರಡು ಚಿತ್ರ ಒಂದೇ ದಿನ ಜೋಡಿಯಾಗಿ ತೆರೆ ಕಂಡವು. 'ಟೊಟೊರೊ' ಪುಟ್ಟ ಮಕ್ಕಳಿಗೂ ಆಗುತ್ತದೆ. 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣ ತಂಗಿಯ ಕಥೆ. ತಂಗಿಯನ್ನು ಹಾಗೆಯೇ ಕಳೆದುಕೊಂಡ ನೊಸಾಕಾ ಎಂಬ ಲೇಖಕ ಬರೆದ ಕಥೆ ಅದರ ಮೂಲ. ಕಾರ್ಟೂನ್ ಎಂದು ಅದನ್ನು ಮಕ್ಕಳಿಗೆ ಹಾಕಿ ಕೊಟ್ಟವರು ನಮ್ಮ ಮನೆಯಲ್ಲೇ ಇದ್ದಾರೆ. ಜಪಾನಿನಲ್ಲಿ ಹುಡುಗರ ಮಾಂಗಾ, ಹುಡುಗಿಯರ ಮಾಂಗಾ, ದೊಡ್ಡವರ ಮಾಂಗಾ ಎಂದು ಪತ್ರಿಕೆಗಳೇ ಬೇರೆ ಬೇರೆ. ನಮಗೆ ಎಲ್ಲವೂ ಕಾರ್ಟೂನ್.

ಅಕ್ಕನ ಮಗಳು ಮತ್ತೆ ಪುಸ್ತಕ ತೆರೆದಿದ್ದಾಳೆ ಎಂದು ಬರೆದು ಮುಗಿಸಲು ಆಸೆ. ಬಿಡಿಸುತ್ತಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ಯಾರಿಗೂ ತೋರಿಸುವುದಿಲ್ಲ, ನನಗೂ. ಉಮ್ಮನ ಆ ಚಿತ್ರವನ್ನು ಕೇಳಿ ಪಡೆದು ನನ್ನ ಕಪಾಟಿನಲ್ಲಿ ಇಟ್ಟಿದ್ದೇನೆ. ಬೆರಳುಗಳು ಬಾಳೆಹಣ್ಣಿನ ಹಾಗೆಯೇ ಇವೆ. ಆದರೆ ಉಮ್ಮನ ಎಡಗೈಯ ಕಿರುಬೆರಳು ಹಳೆಯ ಪೆಟ್ಟಿನಿಂದ ಸ್ವಲ್ಪ ಹೊರಗೆ ಬಾಗಿದೆ. ಅದನ್ನು ಅವಳು ನೋಡಿದ್ದಳು, ಬಿಡಿಸಿದ್ದಳು. ಅರ್ಧ ನಿಮಿಷದ ಚಿತ್ರದಲ್ಲಿ ಆ ಬೆರಳು ನೆಟ್ಟಗಿತ್ತು.

ನಿಮ್ಮ ಮನೆಯಲ್ಲೂ ಇಂಥ ಒಂದು ರಫ್ ಪುಸ್ತಕ ಇದ್ದೀತು. ಯಾರಾದರೂ ಅದರ ಪಕ್ಕದಲ್ಲಿ ಫೋನ್ ಹಿಡಿದರೆ ದಯವಿಟ್ಟು ನಗಬೇಡಿ. ಕೈಯಿಂದ ಫೋನ್ ತೆಗೆದಿಡಿ.