ನೃಪತುಂಗ ರಸ್ತೆಯ ಎರಡು ತುದಿ

ಬೆಂಗಳೂರಿನ ವಿಧಾನಸೌಧದಿಂದ ಹೊರಟು, ಕೃಷ್ಣರಾಜೇಂದ್ರ ವೃತ್ತವನ್ನು ದಾಟಿ, ನೃಪತುಂಗ ರಸ್ತೆಯ ಮರಗಳ ನೆರಳಿನಲ್ಲಿ ಸಾವಕಾಶವಾಗಿ ನಡೆದರೂ ಅರ್ಧ ಗಂಟೆಯೊಳಗೆ ಹಡ್ಸನ್ ವೃತ್ತದ ಪಾಲಿಕೆಯ ಕಟ್ಟಡ ಸಿಗುತ್ತದೆ. ಒಂದು ತುದಿಯಲ್ಲಿ ಇಡೀ ನಾಡಿಗೆ ಶಾಸನ ಮಾಡುವ ಸಭೆ. ಇನ್ನೊಂದು ತುದಿಯಲ್ಲಿ ಬೀದಿಯ ದೀಪ, ಚರಂಡಿ, ಕಸ, ಉದ್ಯಾನಗಳ ಯೋಗಕ್ಷೇಮಕ್ಕಾಗಿ ಪೌರರು ಆರಿಸಿ ಕಳುಹಿಸುತ್ತಿದ್ದ ಸಭೆ. ನಡಿಗೆಗೆ ಇಷ್ಟು ಸಮೀಪವಾದ ಈ ಎರಡರ ನಡುವೆ ಕಾಗದಪತ್ರದ ದಾರಿ ಎಷ್ಟು ದೀರ್ಘವಾದುದೆಂಬುದು ನಗರದ ಜನರಿಗೆ ಚೆನ್ನಾಗಿಯೇ ಮನವರಿಕೆಯಾಗಿದೆ.

2015ರ ಆಗಸ್ಟ್ 22ರಂದು ಚುನಾವಣೆ ನಡೆದು ರಚಿತವಾದ 198 ಸದಸ್ಯರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆ ಬಳಿಕ ಆಡಳಿತಾಧಿಕಾರಿಯ ಆಳ್ವಿಕೆ. ನಗರಸಭೆಗಳ ಆಯುಷ್ಯ ಐದು ವರ್ಷವೆಂದೂ, ಅದು ತೀರುವ ಮೊದಲೇ ಹೊಸ ಚುನಾವಣೆ ಆಗಬೇಕೆಂದೂ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ. ಆದರೆ ಶಾಸನಸಭೆಯವರಿಗೆ ಅದೇ ವರ್ಷ ನಗರಕ್ಕೊಂದು ಹೊಸ ಕಾಯಿದೆ ಬೇಕೆನಿಸಿತು. ವಾರ್ಡುಗಳು 198ರಿಂದ 243 ಆಗಬೇಕೆಂದಾಯಿತು. ಗಡಿಗಳನ್ನು ಮತ್ತೆ ಎಳೆಯಬೇಕಾಯಿತು. ಮೀಸಲಾತಿಯ ಪಟ್ಟಿ ವಿವಾದಕ್ಕೀಡಾಗಿ ನ್ಯಾಯಾಲಯದ ಮೆಟ್ಟಿಲೇರಿತು. 2023ರಲ್ಲಿ ಸಂಖ್ಯೆ 225ಕ್ಕೆ ಇಳಿಯಿತು. ಒಂದೊಂದು ಕಾರಣವೂ ತನ್ನಷ್ಟಕ್ಕೆ ಯುಕ್ತವಾಗಿಯೇ ತೋರುತ್ತಿತ್ತು. ದರ್ಜಿ ಅಳತೆಯನ್ನು ಮತ್ತೆ ಮತ್ತೆ ತೆಗೆಯುತ್ತಿರುವಷ್ಟರಲ್ಲಿ ಹುಡುಗ ಬೆಳೆದುಬಿಟ್ಟಂತೆ, 2025ರ ಸೆಪ್ಟೆಂಬರ್ 2ರಂದು ಆ ಪಾಲಿಕೆಯೇ ಕಳೆದುಹೋಗಿ ಐದು ಪಾಲಿಕೆಗಳಾದವು. ಲೆಕ್ಕ ಹಾಕಿ ನೋಡಿದರೆ, ಒಂದು ಸಭೆಯ ಪೂರ್ಣಾಯುಷ್ಯಕ್ಕೆ ಎಂಟೇ ದಿನ ಕಡಿಮೆಯಾಗುವಷ್ಟು ಕಾಲ ಸಭೆಯಿಲ್ಲದೆ ಕಳೆದಿತ್ತು!

ಇದು ಮೊದಲ ಸಲವೂ ಅಲ್ಲ. ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, ನೂರಹತ್ತು ಹಳ್ಳಿಗಳನ್ನು 2007ರಲ್ಲಿ ಸೇರಿಸಿಕೊಂಡಾಗಲೂ ಚುನಾವಣೆ ಕಂಡದ್ದು 2010ರ ಮಾರ್ಚ್ ತಿಂಗಳಲ್ಲಿ.

ಸಭೆಯಿಲ್ಲದಿದ್ದರೆ ಆದ ನಷ್ಟವಾದರೂ ಏನು, ಅಧಿಕಾರಿಗಳು ಇದ್ದಾರಲ್ಲ ಎನ್ನುವವರುಂಟು. ಅಂಥವರು ಯಾವುದಾದರೂ ಹಳೆಯ ಬಡಾವಣೆಯ ಉದ್ಯಾನದಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಳಿಗೆ ಕುಳಿತು ಕೇಳಬೇಕು. ಮೂಲೆಯ ದೀಪ ಉರಿಯದೆ ತಿಂಗಳಾದ ಮಾತು, ಮಳೆ ಬಂದರೆ ರಾಜಕಾಲುವೆಯ ನೀರು ನಡುಮನೆಗೆ ನುಗ್ಗುವ ಮಾತು, ಬೀದಿಯಲ್ಲಿ ಕೊಳವೆಗಾಗಿ ಅಗೆದ ಹಳ್ಳವನ್ನು ಮುಚ್ಚಬೇಕಾದವರು ಯಾರೆಂಬ ಮಾತು. ನಿವೃತ್ತರಾದ ಹಿರಿಯರೊಬ್ಬರು ಅರ್ಜಿ ಬರೆಯುತ್ತಾರೆ. ಅಕ್ಷರ ಚೆನ್ನಾಗಿದೆಯೆಂಬ ಕಾರಣಕ್ಕೆ ಸಂಘದವರು ಅವರನ್ನು ಬಿಡುವುದಿಲ್ಲ. ಅರ್ಜಿ ಕಚೇರಿಯಿಂದ ಕಚೇರಿಗೆ ಹೋಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಸಭೆಯಲ್ಲಿ ಎದ್ದು ನಿಂತು ಕೇಳುವವರು ಮಾತ್ರ ಇಲ್ಲ.

ಹಿಂದಿನ ಸದಸ್ಯರೆಲ್ಲ ಸತ್ಯಸಂಧರಾಗಿದ್ದರೆಂದು ಯಾರೂ ಹೇಳಲಾರರು. ಆದರೆ ಅವರ ಮನೆ ಎಲ್ಲಿದೆಯೆಂದು ಬೀದಿಯವರಿಗೆ ಗೊತ್ತಿತ್ತು. ನಲ್ಲಿಯಲ್ಲಿ ನೀರು ಬಾರದಿದ್ದರೆ ನಾಲ್ಕು ಜನ ಹೆಂಗಸರು ಕೊಡ ಹಿಡಿದು ಆ ಮನೆಯ ಮುಂದೆ ನಿಲ್ಲಬಹುದಾಗಿತ್ತು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೇ ಮೀಸಲಾಗಿದ್ದುದರಿಂದ, ಬಾಗಿಲು ತೆರೆದು ಬರುವ ಸದಸ್ಯರೂ ಅನೇಕ ಕಡೆ ಹೆಂಗಸರೇ ಆಗಿರುತ್ತಿದ್ದರು. ನಗರ ಜಿಲ್ಲೆಯ ವಿಧಾನಸಭಾ ಕ್ಷೇತ್ರಗಳಾದರೋ 28. ಸರಿಸುಮಾರು ಏಳು ಮಂದಿ ಹೊರುತ್ತಿದ್ದ ಹೊರೆ ಒಬ್ಬ ಶಾಸಕರ ತಲೆಯ ಮೇಲೆ ಬಿತ್ತು. ಇತ್ತ ಮೋರಿಯ ಚಿಂತೆ, ಅತ್ತ ರಾಜ್ಯದ ಆಯವ್ಯಯದ ಮೇಲಿನ ಚರ್ಚೆ. ಎರಡನ್ನೂ ಸಮನಾಗಿ ತೂಗುವುದು ಎಂಥ ದಕ್ಷನಿಗೂ ಕಷ್ಟ. ಮೋರಿಯ ಅಧಿಕಾರ ಕೈಗೆ ಬಂದಮೇಲೆ ಅದನ್ನು ಬಿಟ್ಟುಕೊಡಲು ಮನಸ್ಸಾಗದಿರುವುದೂ ಮನುಷ್ಯಸ್ವಭಾವವೇ.

ಪಾಲಿಕೆಯನ್ನು ವಿಭಜಿಸಿದ್ದೇ ತಪ್ಪೆನ್ನುವಂತಿಲ್ಲ. ಏಳುನೂರು ಚದರ ಕಿಲೋಮೀಟರಿಗೂ ಮಿಕ್ಕ ಊರನ್ನು ಒಂದೇ ಕಚೇರಿಯಿಂದ ನೋಡಿಕೊಳ್ಳುವುದು ದುಸ್ತರವೆಂದು ಬಲ್ಲವರು ಬಹುಕಾಲದಿಂದ ಹೇಳುತ್ತಲೇ ಬಂದಿದ್ದಾರೆ. 2024ರ ಜುಲೈಯಲ್ಲಿ ಮಂಡಿತವಾದ ಗ್ರೇಟರ್ ಬೆಂಗಳೂರು ಆಡಳಿತ ವಿಧೇಯಕವು ಜಂಟಿ ಪರಿಶೀಲನಾ ಸಮಿತಿಯನ್ನು ಹಾದು, 2025ರ ಮಾರ್ಚಿನಲ್ಲಿ ಉಭಯ ಸದನಗಳ ಒಪ್ಪಿಗೆ ಪಡೆದು, ಮೇ 15ರಂದು ಜಾರಿಗೆ ಬಂದಿತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಪಾಲಿಕೆಗಳು ಐದಾದುದು ಸರಿಯೇ. ಆದರೆ ಅವುಗಳ ಮೇಲೆ ಒಂದು ಪ್ರಾಧಿಕಾರ. ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು! ಹಡ್ಸನ್ ವೃತ್ತದ ತುದಿಯಿಂದ ಹಂಚಿಕೊಟ್ಟದ್ದರಲ್ಲಿ ಎಷ್ಟು ಪಾಲು ವಿಧಾನಸೌಧದ ತುದಿಗೆ ಹಿಂದಿರುಗುತ್ತದೆಯೆಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ. ಮೇಯರರ ಮಾತಿಗೂ ಪ್ರಾಧಿಕಾರದ ಮಾತಿಗೂ ಹೊಂದಿಕೆಯಾಗದಿದ್ದಾಗ ಯಾರದು ನಡೆಯುತ್ತದೆಂಬುದನ್ನು ಊಹಿಸುವುದಕ್ಕೆ ಹೆಚ್ಚಿನ ಪಾಂಡಿತ್ಯ ಬೇಡ.

2025ರ ನವೆಂಬರಿನ ವಿಂಗಡಣೆಯಂತೆ ಐದು ಪಾಲಿಕೆಗಳಿಗೂ ಸೇರಿ 369 ವಾರ್ಡುಗಳು. ಅನೇಕ ಮನೆಗಳ ವಾರ್ಡು ಬದಲಾಗಿದೆ. ಬೀದಿಯ ಈ ಬದಿಯವರು ಒಂದು ವಾರ್ಡಿಗೂ ಆ ಬದಿಯವರು ಇನ್ನೊಂದಕ್ಕೂ ಸೇರಿರುವುದುಂಟು. ಮನೆಯ ಯಜಮಾನರು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನಷ್ಟೇ ಹುಡುಕಿ ಸುಮ್ಮನಾಗುವುದು ವಾಡಿಕೆ. ಗೃಹಿಣಿಯ ಹೆಸರನ್ನೂ, ಹದಿನೆಂಟು ತುಂಬಿದ ಮಗಳ ಹೆಸರನ್ನೂ ಜೊತೆಯಲ್ಲಿಯೇ ನೋಡಿಬಿಡುವುದು ಲೇಸು. 2015ರಲ್ಲಿ ಪಾಲಿಕೆಗೆ ಮತ ಹಾಕುವುದಕ್ಕೆ ತಾಯಿ ಹೋದಾಗ, ಆ ಮಗಳು ಇನ್ನೂ ಪ್ರಾಥಮಿಕ ಶಾಲೆಯ ಹುಡುಗಿ.